ಶ್ರುತಿ ಮಾಡುವವನ ಕೂಲಿ

ಸಾಂತೋಸ್ ಬಂದರಿನ ಉಪ್ಪುಗಾಳಿ
ಜಂದೀರಾಳ ಪಿಯಾನೋದೊಳಗೆ ಹೊಕ್ಕು
ನಡುವಿನದೊಂದು ತಂತಿಯನ್ನು
ಕೂದಲೆಳೆಯಷ್ಟು ಇಳಿಸಿತ್ತು.
ಬಿಗಿಯಲು ಬಗ್ಗಿದೆ.
"ತಾಳು" ಅಂದಳು. ಕೂತಳು.

ಬಲಗೈ, ಗೆಣ್ಣಿಗೆ ಅಡಿಕೋಲಲ್ಲಿ ಹೊಡೆದು ಕಲಿಸಿದ
ಸಿಸ್ಟರ್ ಪೆರ್ಪೆತುವಾರದು:
ಒಂದು ಎಳೆಯ ಬೆನ್ನಿಗೆ ಇನ್ನೊಂದು, ಎಲ್ಲೂ ಗಂಟಿಲ್ಲ.
ಎಡಗೈ ಅಪ್ಪನದು.
ಕಾಫಿ ಮೂಟೆ ಹೊತ್ತು ಹಡಗು ಹತ್ತುವಾಗ
ಹಲಗೆ ಬಾಗುವುದಕ್ಕೂ ಏಳುವುದಕ್ಕೂ ನಡುವೆ
ಹೆಜ್ಜೆ ಕದ್ದು ಇಡುತ್ತಿದ್ದವನು;
ನೇರ ಇಟ್ಟವರು ನೀರಿಗೆ.

ಎರಡೂ ಕೈ ಇಕ್ಕಟ್ಟಿನ ಓಣಿಯಲ್ಲಿ ಎದುರಾದವು.
ಯಾರು ಯಾರಿಗೆ ದಾರಿ ಬಿಡಬೇಕು?

ಆಗ ಆ ಇಳಿದ ತಂತಿಯನ್ನು ಮುಟ್ಟಿದಳು.
ಇನ್ನೊಮ್ಮೆ. ಅಲ್ಲೇ ತಂಗಿದಳು.
ಜಾಝೋ ಏನೋ, ಅದನ್ನು ಯಾರೂ ಕಲಿಸಿರಲಿಲ್ಲ.
ಅಲ್ಲಿಂದಾಚೆ ಎಲ್ಲಿಗೆ ಹೊರಟಳೋ,
ಕಿಟಕಿಯ ಕೆಳಗೆ ಮೀನು ಮಾರುವವನು
ತಕ್ಕಡಿ ಹಿಡಿದೇ ನಿಂತ.

ಉಳಿದ ತಂತಿಗಳನ್ನೆಲ್ಲ ಬಿಗಿದೆ.
ಅದೊಂದನ್ನು ಬಿಟ್ಟೆ.
ಕೂಲಿ ಮಾತ್ರ ಪೂರಾ ಇಸಿದುಕೊಂಡೆ.