ಮೀಟರ್ ಓದುವವನ ಮಾಗಿ

ಈ ಕೇರಿಯಲ್ಲಿ ನಲವತ್ತೊಂದು ಮನೆ.
ಓದಲು ನನಗೆ ಮೂರು ಬೆಳಗು.
ಪುಷ್ಯದಲ್ಲಿ ಬೆಳಗೆಂದರೆ
ಎಂಟಾದರೂ ಎದುರಿನ ಕಂಬ ಕಾಣದು.
ಪ್ರಿಂಟರಿನ ಕಾಗದ ಇಬ್ಬನಿ ಕುಡಿದು
ಸುರುಳಿ ಬಿಚ್ಚಲು ಒಲ್ಲೆ ಅನ್ನುತ್ತದೆ.
ಗುಂಡಿ ಒತ್ತುವ ಬೆರಳು ನನ್ನದೋ ಬೇರೆಯವರದೋ
ಅಂತ ಒಮ್ಮೆ ಊದಿ ನೋಡಿಕೊಳ್ಳುತ್ತೇನೆ.

ಸಾಗರದ ಈ ಅಂಚಿಗೆ ಮುಳುಗಡೆ ಕೇರಿ ಅಂತ ಹೆಸರು.
ಶರಾವತಿಯ ಹಿನ್ನೀರಿಗೆ ಗದ್ದೆ ಬಿಟ್ಟು ಬಂದವರ
ಮೊಮ್ಮಕ್ಕಳು, ಮರಿಮಕ್ಕಳು.
ನೀರು ಅವರದ್ದನ್ನು ನುಂಗಿ ತಂತಿ ಹತ್ತಿತು,
ಊರೂರು ಸುತ್ತಿ ಬಳಸಿ
ಈಗ ಇವರದೇ ಗೋಡೆಯ ಪೆಟ್ಟಿಗೆಯೊಳಗೆ ಕೂತು
ಎಣಿಸುತ್ತದೆ.
ನಾನು ಎಣಿಸುವುದಿಲ್ಲ. ಅದು ಎಣಿಸಿದ್ದನ್ನು ಓದುತ್ತೇನೆ, ಅಷ್ಟೆ.

ಇನ್ನೂರರವರೆಗೆ ಸರ್ಕಾರದ್ದು.
ದಾಟಿದರೆ, ದಾಟಿದ್ದು ಮಾತ್ರವಲ್ಲ,
ಒಂದರಿಂದ ಹಿಡಿದು ಅಷ್ಟೂ ನಿನ್ನದು.
ಬೇಸಿಗೆಯಲ್ಲಿ ಈ ಗೆರೆ ಯಾರಿಗೂ ನೆನಪಿರುವುದಿಲ್ಲ.
ಮಾಗಿಯಲ್ಲಿ ಅದು ಕತ್ತಲಲ್ಲಿನ ಹೊಸ್ತಿಲು,
ಎಡವಿದವರಿಗೇ ಎತ್ತರ ಗೊತ್ತು.

ಕೊನೆಯ ಮನೆ ದ್ಯಾವಮ್ಮನದು.
ಒಂದನೇ ತಾರೀಕು ಬಾಕಿ ಚೀಟಿ ಕೊಡಲು ಹೋಗಿದ್ದೆ.
ಮಗಳು ರೇವತಿ ಬಾಣಂತಿ, ಕೂಸಿಗೆ ಹನ್ನೆರಡು ದಿನ.
ಬಾಣಂತಿಗೆ ಹಂಡೆ ನೀರು, ಕೂಸಿಗೆ ಮತ್ತೆ,
ಬಟ್ಟೆ ಒಣಗಲು ಬಿಸಿ, ಬೆನ್ನಿಗೆ ಕೆಂಡ.
ಸೌದೆಗೆ ಹೋದ ಅಳಿಯನನ್ನು
ಅರಣ್ಯದವರು ಕತ್ತಿ ಇಟ್ಟುಕೊಂಡು ಕಳಿಸಿದ್ದಾರೆ.
ಸಿಲಿಂಡರಿಗೆ ಸಬ್ಸಿಡಿ ಆಮೇಲೆ ಬರುತ್ತದಂತೆ,
ದುಡ್ಡು ಮೊದಲು ಬೇಕಲ್ಲ.
ಉಳಿದದ್ದು ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್ಲು.
"ಚಳಿಗೆ ಅಂತ ಏನಾದರೂ ಕೊಡ್ತಾರೇನಪ್ಪ?
ನೆರೆ ಬಂದರೆ ಕೊಡ್ತಾರೆ, ಮನೆ ಬಿದ್ದರೆ ಕೊಡ್ತಾರೆ."
"ಚಳಿ ಫೋಟೋದಲ್ಲಿ ಬೀಳಲ್ಲ ಅಮ್ಮ."
ಹೀಗಂದದ್ದು ನಾನೇ. ಆಮೇಲೆ ನಾಚಿಕೆಯಾಯಿತು.

ಹೊರಡುವಾಗ ಪೆಟ್ಟಿಗೆಗೆ ಇಣುಕಿದೆ: ನೂರ ಎಪ್ಪತ್ತು.
ಐದರಿಂದ ಏಳರ ತನಕ ನನ್ನ ಓದು,
ಅವಳ ಸರದಿ ಏಳಕ್ಕೆ.
ದಿನಕ್ಕೆ ಏಳರಂತೆ ಬೆರಳು ಮಡಿಸಿದೆ,
ಕೈ ಸಾಲಲಿಲ್ಲ.

ಸುಳ್ಳು ಅಂಕಿ ಬರೆಯಲು ಆಗದು,
ಮಷೀನು ಫೋಟೋ ಕೇಳುತ್ತದೆ.
ಆದರೆ ಬೀದಿಯನ್ನು ಯಾವ ತುದಿಯಿಂದ ನಡೆಯಬೇಕೆಂದು
ಯಾವ ಸುತ್ತೋಲೆಯಲ್ಲೂ ನಾನು ಕಂಡಿಲ್ಲ.
ಈ ಸಲ ಕೊನೆಯಿಂದ ಶುರುಮಾಡಿದೆ.

ನೂರ ತೊಂಬತ್ತೇಳು.
ಸೊನ್ನೆ ರೂಪಾಯಿಯ ಚೀಟಿ ಹೊರಬಂತು.
ಆಗಷ್ಟೇ ಅಚ್ಚಾದ ಕಾಗದಕ್ಕೆ
ಒಂದು ಗಳಿಗೆ ಬಿಸಿ ಇರುತ್ತದೆ,
ಯಾರೂ ಗಮನಿಸಿರಲಿಕ್ಕಿಲ್ಲ.
ಒಳಗೆ ಸಾಂಬ್ರಾಣಿ, ನೀರು ಸುರಿವ ಸದ್ದು.
ಕೂಸು ಒಮ್ಮೆ ಚೀರಿ ಸುಮ್ಮನಾಯಿತು.
ಅಂದು ಮಫ್ಲರ್ ಬಿಚ್ಚಿ ಹೆಗಲಿಗೆ ಹಾಕಿಕೊಂಡೇ ನಡೆದೆ.

ಏಳಕ್ಕೆ ಮೊದಲ ಮನೆ, ಈಗ ಕೊನೆಯದು.
ಟೈಲರ್ ಫಿಲೋಮಿನಾ ಬಾಯಿ.
ಪ್ರತಿ ತಿಂಗಳೂ ಐದಕ್ಕೇ ಓದಿದ ಮನೆ.
ಗಂಡನ ಉಬ್ಬಸಕ್ಕೆ ಮೂರು ಹೊತ್ತು ಹಬೆ,
ಅವಳ ಮಂಡಿಗೆ ಕಟ್ಟುವ ಬಿಸಿ ಪಟ್ಟಿ, ಹೊಲಿಗೆಯ ಮೋಟಾರು.
ಇನ್ನೂರ ನಾಲ್ಕು.
ಫೋಟೋ ಹಿಡಿದೆ. ನನ್ನ ಹೆಬ್ಬೆರಳ ನೆರಳೂ ಅದರಲ್ಲಿ ಬಿತ್ತು.
ಎರಡು ದಿನ.
ಆ ತುದಿಯಿಂದ ಎತ್ತಿ ಈ ತುದಿಯಲ್ಲಿ
ಇಟ್ಟವನು ನಾನೇ.

ಚೀಟಿಯನ್ನು ಕನ್ನಡಕದ ಕೆಳಗೆ ಹಿಡಿದು
ಒಂದೂವರೆ ಸಾವಿರದ ಹತ್ತಿರದ ಅಂಕಿಯನ್ನು
ಅಳತೆ ಟೇಪಿನಲ್ಲಿ ಹುಡುಕುವವಳ ಹಾಗೆ
ನಿಧಾನಕ್ಕೆ ಓದಿದಳು.
ಹೇಳಿಬಿಡಬೇಕೆಂದುಕೊಂಡೆ. ಬಾಯಿಂದ ಹೊಗೆ ಮಾತ್ರ ಬಂತು.
"ಕೈ ನೋಡು, ಐಸ್ ಆಗಿದೆ. ನಿಲ್ಲು," ಅಂದಳು.
ಇಂಡಕ್ಷನ್ ಒಲೆ ಕುಂಯ್ ಅಂದಿತು.
ಕರಿ ಕಾಫಿ, ಬೆಲ್ಲದ್ದು.
ಹೊರಗೆ ಮೀಟರಿನ ಕೆಂಪು ಕಣ್ಣು
ಬೇಗ ಬೇಗ ಮಿಟುಕತೊಡಗಿತು.
ನಾನು ಅತ್ತ ನೋಡಿದ್ದನ್ನು ಅವಳು ನೋಡಿದಳು.
"ಕುಡಿ ಮಾರಾಯ," ಅಂದಳು,
"ಇದು ಮುಂದಿನ ತಿಂಗಳ ಲೆಕ್ಕ."