ಮಿಕ್ಕ ಮೊಳೆ

ಮೊರೇ ಊರು. ಅಡಿಗೆಮನೆ. ಭಾನುವಾರ.
ಹಳೆ ಪತ್ರಿಕೆ ಹಾಸಿದ ಮೇಜಿನ ಮೇಲೆ
ಓಡೀಲ್ ಗಡಿಯಾರದ ಹೊಟ್ಟೆ ಬಿಚ್ಚಿದ್ದಾಳೆ.
ಚಕ್ರಗಳಿಗೆ ಮೊಟ್ಟೆಯ ಟ್ರೇ,
ಮೊಳೆಗಳಿಗೆ ಸಾಸಿವೆಯ ಖಾಲಿ ಶೀಶೆ.
ನೆತ್ತಿಯ ಹಿತ್ತಾಳೆ ಹುಂಜ
ಬೋಗುಣಿಯ ಸೀಮೆಎಣ್ಣೆಯಲ್ಲಿ ಮಲಗಿ
ಒಂಟಿ ಕಣ್ಣಲ್ಲಿ ಸೂರು ನೋಡುತ್ತಿದೆ.

ಕಡ್ಡಿ ಚೂಪು ಮಾಡಿ ತೂತಿಗಿಟ್ಟು ತಿರುವಿದರೆ
ಕಾಡಿಗೆಯಂಥ ಎಣ್ಣೆ,
ಅಜ್ಜನ ಕಾಲದ್ದೋ, ಅವನಜ್ಜನದೋ.
ಕಡ್ಡಿ ಬೆಳ್ಳಗೆ ಹೊರಬರುವತನಕ
ಮತ್ತೊಂದು ಕಡ್ಡಿ, ಮತ್ತೊಂದು.

ಒಳತಗಡಿನಲ್ಲಿ ಸೂಜಿಯಿಂದ ಗೀರಿದ ಅಕ್ಷರ:
‘ಆನ್ಸೆಲ್ಮ್. ತೊಳೆದೆ. ೧೮೮೩. ದುಡ್ಡು ಇನ್ನೂ ಬಂದಿಲ್ಲ.’
ನಕ್ಕಳು.
ಅದರ ಪಕ್ಕದಲ್ಲೇ ಒಂದು ಹೆಬ್ಬೆಟ್ಟು.
ರೇಮಿಯದು. ಸಾಸೇಜು ತಿಂದ ಕೈಯಲ್ಲೇ ಮುಟ್ಟಿದ್ದ;
ಬೆವರು ಹಿತ್ತಾಳೆಯನ್ನು ಕಚ್ಚಿಕೊಂಡು ಕೂತಿದೆ.
ನಿಂಬೆಹುಳಿ, ಉಪ್ಪು, ಬೂದಿ, ರಟ್ಟೆ ನೋಯುವಷ್ಟು ತಿಕ್ಕಾಟ.
ವಿಚ್ಛೇದನಕ್ಕೆ ಒಂದು ಸಹಿ ಸಾಕಾಗಿತ್ತು,
ಇದು ಹೋಗದು.
ಹಾಳಾಗಲಿ, ಗೋಡೆಗೆ ಮುಖ ಮಾಡಿಕೊಂಡಿರು ಎಂದು
ಸೂಜಿಮೊನೆಯಷ್ಟೇ ಎಣ್ಣೆ ಮುಟ್ಟಿಸಿ ಜೋಡಿಸಿದಳು.

ಒಂದು ಮೊಳೆ ಮಿಕ್ಕಿತು. ಎಲ್ಲಿಯದೋ.

ಈ ಸೀಮೆಯ ಗಡಿಯಾರ
ಹೊಡೆದದ್ದನ್ನೇ ಎರಡು ನಿಮಿಷ ಬಿಟ್ಟು ಮತ್ತೆ ಹೊಡೆಯುತ್ತದೆ,
ಮೊದಲ ಸಲ ಎಣಿಕೆ ತಪ್ಪಿದವರಿಗೆಂದು.

ಏಳು.

ನಲ್ಲಿಯಡಿ ಕೈ ಹಿಡಿದಿದ್ದಾಳೆ ಓಡೀಲ್.
ಬಿಸಿನೀರು, ಸೋಪು, ಹಳೆ ಹಲ್ಲುಜ್ಜುವ ಬ್ರಷ್ಷು,
ಉಗುರಿನ ಕಪ್ಪು ಜಪ್ಪಯ್ಯ ಅನ್ನುತ್ತಿಲ್ಲ.
ಏಳಾಗಿ ಎರಡು ನಿಮಿಷ,
ಯಾರ ಲೆಕ್ಕಕ್ಕೂ ಸೇರದ್ದು.

ಮತ್ತೆ ಹೊಡೆಯಿತು.
ಎಣಿಸಿದಳು: ಆರು.

ತಪ್ಪು ಮೊಳೆಯದೋ, ನಲ್ಲಿಯದೋ.