ಮೂವತ್ತೊಂದನೆಯ ಹಾಳೆ

ಕಿಸುಮು ಊರಿನ ಸರ್ಕಾರಿ ದವಾಖಾನೆ, ಹೊರರೋಗಿಗಳ ಬೆಂಚು.
ನನ್ನ ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಹಾಳೆ,
ಹಾಳೆಯ ತುಂಬ ಮೂರು ಮೂರು ಚೌಕ:
ಹೌದು. ಅಲ್ಲ. ಗೊತ್ತಿಲ್ಲ.

ತರಬೇತಿಯಲ್ಲಿ ಒತ್ತಿ ಒತ್ತಿ ಹೇಳಿದ್ದರು:
ಉತ್ತರ ಹೇಳಿಕೊಡಬಾರದು,
ಹುಬ್ಬು ಕೂಡ ಏರಿಸಬಾರದು.
ಮೂವತ್ತು ಜನರ ಮುಂದೆ ನನ್ನ ಹುಬ್ಬು ಅಲುಗಿರಲಿಲ್ಲ.

ಮೂವತ್ತೊಂದನೆಯವಳು ಅಪೊಂಡಿ.
ಮೊಣಕಾಲು ನೋವಿಗೆ ಬಂದವಳು,
ಮೀನಿನ ಬುಟ್ಟಿಯನ್ನು ಗೇಟಿನ ಕಾವಲುಗಾರನಿಗೊಪ್ಪಿಸಿ
'ಒಂದು ಕಡಿಮೆಯಾದರೂ ನಿನ್ನ ಲೆಕ್ಕಕ್ಕೆ' ಎಂದು ಗದರಿಸಿ ಬಂದವಳು.

ಕೇಳಿದೆ: ಇವು ಕ್ಯಾನ್ಸರಿನ ಲಕ್ಷಣ ಇದ್ದಾವೆಯೇ?
ಎದೆಯಲ್ಲೊಂದು ಗಂಟು?
'ಹೌದು. ರೇಡಿಯೋದಲ್ಲಿ ಹೇಳ್ತಾರೆ.'
ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ?
ನಕ್ಕಳು. 'ಅದು ದೇವರ ತಮಾಷೆ.'
ತಿಂಗಳಾದರೂ ಬಿಡದ ಕೆಮ್ಮು?
'ಒಲೆ ಊದುವವರಿಗೆ ಕೆಮ್ಮೇ ಸಂಬಳ.'
ಯಾವ ಚೌಕಕ್ಕೆ ಹಾಕಲಿ ಇದನ್ನು?

ನಡುವೆ ಅವಳೇ ನನಗೆ ಪಾಠ ಹೇಳಿದಳು:
ಮೀನು ಕೊಳ್ಳುವಾಗ ಕಣ್ಣು ನೋಡು, ಗುಳಿ ಬಿದ್ದಿದ್ದರೆ ಬೇಡ.
ಕಿವಿರು ಎತ್ತಿ ನೋಡು, ಕೆಂಪಗಿರಬೇಕು.
ಹೊಟ್ಟೆ ಒತ್ತು, ಬೆರಳಿನ ಗುರುತು ಉಳಿದರೆ
ಮಾರುವವಳು ಹೆತ್ತ ತಾಯಿಯಾದರೂ ಎದ್ದು ಬಾ.

ಏಳನೆಯ ಪ್ರಶ್ನೆ. ತುತ್ತು ನುಂಗಲು ಕಷ್ಟ?

'ಅದು ರೋಗವೇನೇ ಹುಡುಗಿ, ಅದು ವಯಸ್ಸು.
ಹೋದ ಮಳೆಯಿಂದ ನನಗೂ ಉಗಾಲಿ ಇಳಿಯದು.
ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಟ್ಟರೆ
ಇಲ್ಲಿ ನಿಲ್ಲುತ್ತೆ',
ಕುತ್ತಿಗೆಯ ಬುಡದ ಗುಳಿಗೆ ಬೆರಳಿಟ್ಟಳು,
'ನೀರು ಕುಡಿದರೆ ದಾರಿ ಬಿಡುತ್ತೆ.
ಈಗೀಗ ಗಂಜಿ. ಗಂಜಿಯೇ ಹಗುರ.'
ಲಂಗದ ಸೊಂಟಕ್ಕೆ ಎರಡು ಪಿನ್ನು ಚುಚ್ಚಿದ್ದಳು.
ಅಲ್ಲಿಯವರೆಗೆ ನಾನದನ್ನು ನೋಡಿರಲಿಲ್ಲ.

ಹೌದು, ಅಲ್ಲ, ಗೊತ್ತಿಲ್ಲ.
ಇನ್ನೂ ಐದು ಪ್ರಶ್ನೆ ಬಾಕಿ.
ಹೇಳಿಕೊಡಬಾರದು.
ತುತ್ತು ಈಗ ನನ್ನ ಗಂಟಲಲ್ಲಿತ್ತು.

ಪೆನ್ನಿಗೆ ಮುಚ್ಚಳ ಹಾಕಿದೆ.
'ಅಮ್ಮಾ, ಏಳಿ. ನಾಲ್ಕನೆಯ ಕೋಣೆಗೆ ಹೋಗೋಣ.'
'ಮೊಣಕಾಲಿನ ಡಾಕ್ಟರು ಎರಡನೆಯದರಲ್ಲಲ್ಲವೇ?'
'ಮೊಣಕಾಲು ಆಮೇಲೆ.'
ಅವಳು ನನ್ನ ಹುಬ್ಬನ್ನೇ ನೋಡುತ್ತಿದ್ದಳು,
ಕಿವಿರು ಎತ್ತಿ ನೋಡುವವಳ ಹಾಗೆ.

ಸಂಜೆ ಮೇಲ್ವಿಚಾರಕ ಒಗ್ವೆನೊ ಎಣಿಸಿದ,
ಅರವತ್ತಕ್ಕೆ ಐವತ್ತೊಂಬತ್ತು.
'ಮೂವತ್ತೊಂದು ಕೆಟ್ಟ ಹಾಳೆ. ಲೆಕ್ಕಕ್ಕಿಲ್ಲ.'
ಗೇಟಿನ ಬಳಿ ಕಾವಲುಗಾರ ಪಾಳಿ ಮುಗಿದರೂ ಕೂತಿದ್ದ,
ರಟ್ಟಿನ ಚೂರು ಬೀಸಿ ಬುಟ್ಟಿಯ ನೊಣ ಓಡಿಸುತ್ತ.
ಒಂದು ಮೀನೂ ಕಡಿಮೆಯಾಗಿರಲಿಲ್ಲ.